ಪಾದ್ರಿಯ ಬೈಗುಳ

ಮುತ್ತಜ್ಜನ ಮುತ್ತಜ್ಜ ಕತ್‌ಬರ್ಟನ ಹೆಸರು ಕಂಪ್ಯೂಟರಿನಲ್ಲಿ ಕಂಡದ್ದೇ ತಡ, ಇಂಗ್ಲೆಂಡಿನ ಪ್ರೆಸ್ಟನ್ ಊರಿನ ವಿನಿಫ್ರೆಡ್ ಅಜ್ಜಿ ಕೈಯಲ್ಲಿದ್ದ ಜಪಸರವನ್ನು ಮೇಜಿನ ಮೇಲೆ ಕುಕ್ಕಿದಳು. ಅವನನ್ನು ಹೂಳಿದ ದಾಖಲೆ ಇದ್ದದ್ದು ಪ್ರೊಟೆಸ್ಟಂಟರ ಚರ್ಚಿನ ಪುಸ್ತಕದಲ್ಲಿ.

"ಪ್ರಾಣ ಹೋದ್ರೂ ಕಥೋಲಿಕರಾಗೇ ಉಳಿದೋರು ನಾವು ಅಂತ ನಾನು ಊರೆಲ್ಲ ಡಂಗುರ ಸಾರಿದ್ನಲ್ಲೇ! ಈ ಮಹಾನುಭಾವ ನೋಡಿದ್ರೆ ಅವರ ಜೊತೆ ಸೇರ್ಬಿಟ್ಟಿದ್ದಾನೆ!"

"ತಾಳಜ್ಜಿ, ಆಗ ನಮ್ಮೋರಿಗೆ ಬೇರೆ ಸ್ಮಶಾನ ಎಲ್ಲಿತ್ತು? ಎಲ್ಲರನ್ನೂ ಅವರ ಚರ್ಚಲ್ಲೇ ಹೂಳ್ಬೇಕಿತ್ತು," ಎನ್ನುತ್ತ ಮೊಮ್ಮಗಳು ಬರ್ನಡೆಟ್ ಪರದೆಯ ಮೇಲಿನ ಪುಟವನ್ನು ದೊಡ್ಡದು ಮಾಡಿದಳು. ಹೆಸರಿನ ಪಕ್ಕ ಆ ಚರ್ಚಿನ ಪಾದ್ರಿ ಸಿಟ್ಟಿನಿಂದ ಗೀಚಿದ್ದನ್ನು ಗಟ್ಟಿಯಾಗಿ ಓದಿದಳು: "ಸಾಯುವವರೆಗೂ ಬುದ್ಧಿ ಬರಲಿಲ್ಲ, ಈ ಪೋಪನ ಬಾಲಬಡುಕನಿಗೆ."

ಅಜ್ಜಿ ಕನ್ನಡಕ ಒರೆಸಿ ಹಾಕಿಕೊಂಡಳು. ಜಪಸರ ಮೆಲ್ಲನೆ ಅವಳ ಕೈಗೆ ಮರಳಿತು.

"ಆ ಬೈಗುಳ ಇನ್ನೊಂದ್ಸಲ ಓದೇ, ಮಗಳೇ," ಎಂದಳು.