ಊದಿದ ಪಾದದ ದೊರೆ

ರಾಜನ ನಿಲುವಂಗಿಯ ಕಂಕುಳಿಗೆ ದರ್ಜಿ ಬೇಕೆಂತಲೇ ಹುಸಿಹೊಲಿಗೆ ಹಾಕುತ್ತಿದ್ದ. ದೊರೆ ಕೈಯೆತ್ತಿ ಅಬ್ಬರಿಸಿದ ಕೂಡಲೇ ಅಂಗಿ ಪರ್ರೆನ್ನಬೇಕು, ಸಭೆ ಗೊಳ್ಳೆನ್ನಬೇಕು, ನಾಟಕ ಅಲ್ಲಿಗೇ ನಿಲ್ಲಬೇಕು. ಕಸುಬಿಗೆ ಮಸಿ ಬಳಿಯುವ ಕೆಲಸವೇ. ಆದರೆ ಆ ಅಂಗಿಯೊಳಗೆ ನಿಲ್ಲಬೇಕಾದವನು ಅವನ ಒಬ್ಬನೇ ಮಗ.

ಮಗ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತ. ಅಲ್ಲಿಯ ಹೆಡ್‌ಕ್ಲಾರ್ಕರು ವರ್ಷವಿಡೀ ಹೆಡ್‌ಕ್ಲಾರ್ಕರು, ವಾರ್ಷಿಕೋತ್ಸವ ಬಂತೆಂದರೆ ನಾಟಕಕಾರರು ಮತ್ತು ಡೈರೆಕ್ಟರು. ಈ ಸಲ ಅವರ ತಲೆಗೆ ಗ್ರೀಕರ ಹಳೇ ಕಥೆಯೊಂದು ಹೊಕ್ಕಿತ್ತು. ರಾಜನ ಹೆಸರು ಈಡಿಪಸ್. ಆ ಪಾತ್ರ ಮಗನ ಪಾಲಿಗೆ ಬಂದಿತ್ತು.

ಮೊದಲು ದರ್ಜಿಯೂ ಹಿಗ್ಗಿ ಹೀರೇಕಾಯಿಯಾಗಿದ್ದ. ನಮ್ಮ ಹುಡುಗ ರಾಜನಾಗಿದ್ದಾನೆ ಎಂದು ಗುಂಡಿ ಹಾಕಿಸಲು ಬಂದವರಿಗೂ ಸಾರಿದ್ದ. ಪ್ಯಾಂಟು ಮೋಟು ಮಾಡಿಸಲು ಬಂದ ಕಾಲೇಜಿನ ಮೇಷ್ಟರೊಬ್ಬರು ರಾಜನ ಹೆಸರು ಕೇಳಿ ಕೆಮ್ಮಿದರು. ಗೊತ್ತಿಲ್ಲದೆ ಅಪ್ಪನನ್ನು ಕೊಂದು, ಗೊತ್ತಿಲ್ಲದೆ ಅಮ್ಮನನ್ನೇ ಮದುವೆಯಾದ ದೊರೆ ಅವನು ಎಂದು ದನಿ ತಗ್ಗಿಸಿ ಹೇಳಿದರು. ಅಮ್ಮನ ಸೆರಗು ಬಿಡದ ಗಂಡುಮಕ್ಕಳಿಗೆ ತಿಳಿದವರು ಇವತ್ತಿಗೂ ಅವನ ಹೆಸರನ್ನೇ ಅಂಟಿಸುತ್ತಾರಂತೆ. ಹೆಸರಿನ ಅರ್ಥದಲ್ಲಿ ಮಾತ್ರ ರಾಜಗಾಂಭೀರ್ಯ ಎಳ್ಳಷ್ಟೂ ಇಲ್ಲ: ಊದಿದ ಪಾದ.

ಅದ್ಯಾಕೆ ಊದಿತು ಎಂದು ದರ್ಜಿ ಕೇಳಿದ. ಮೇಷ್ಟರು ಅದನ್ನೂ ವಿವರಿಸಿ ಹೋದರು. ಈ ನಾಟಕ ಆಡಿದರೆ ಮಗ ಕೈಬಿಟ್ಟು ಹೋಗುತ್ತಾನೆ ಎಂಬ ಭಯ ದರ್ಜಿಯನ್ನು ಹಿಡಿದುಬಿಟ್ಟಿತು.

"ಆ ವೇಷ ಹಾಕಿದ್ಮೇಲೆ ನಮ್ಮ ಮುಖ ನೋಡ್ತಾನೇನೇ ಅವ್ನು?" ಎಂದು ಹೆಂಡತಿಯನ್ನು ಕೇಳಿದ.

"ನಾಟಕ ಕಣ್ರೀ. ಬಣ್ಣ ತೊಳೆದ್ರೆ ಹೋಗುತ್ತೆ."

"ಬಣ್ಣ ಹೋಗುತ್ತೆ. ಕಥೆ ತಲೇಲಿ ಉಳಿಯುತ್ತಲ್ಲ."

ಹೆಂಡತಿ ಎದ್ದು ಮಗನ ಊಟಕ್ಕೆ ತಟ್ಟೆ ಇಟ್ಟಳು.

ಅಂಗಿ ತೊಟ್ಟು ನೋಡುವಾಗಲೇ ಮಗ ಎರಡೂ ಕೈ ಮೇಲೆತ್ತಿದ. ಹೊಲಿಗೆ ಬಾಯಿಬಿಟ್ಟಿತು. ದರ್ಜಿಯ ಕೈಯಲ್ಲಿ ಬೆಳೆದ ಹುಡುಗ, ತಾನೇ ಮಿಷನ್ನಿಗೆ ಕೂತು ಜೋಡಿಹೊಲಿಗೆ ಹೊಡೆದ.

"ಕೊಲ್ಲೋಕೆ ಬರೋ ಮಗನಿಗೆ ಇಷ್ಟು ಚೆಂದದ ಅಂಗಿ ಹೊಲ್ಕೊಡೋ ಅಪ್ಪ ನೀನೊಬ್ನೇ" ಎಂದು ನಕ್ಕ. ದರ್ಜಿಗೆ ನಗು ಬರಲಿಲ್ಲ.

ಮರುದಿನ ಅವನು ಹೆಡ್‌ಕ್ಲಾರ್ಕರ ಮೇಜಿನ ಮುಂದೆ ನಿಂತಿದ್ದ. ನಾಟಕ ನಿಲ್ಲಿಸಿ ಎನ್ನಲು ನಾಲಿಗೆ ಏಳಲಿಲ್ಲ. ಒಂದೇ ಒಂದು ಭಾಗ ತೆಗೆದುಬಿಡಿ ಎಂದು ಬೇಡಿಕೊಂಡ. ಹೆಡ್‌ಕ್ಲಾರ್ಕರಿಗೆ ಮುಜುಗರವಾಯಿತು. ಆ ಮದುವೆಯನ್ನು ಒಂದೇ ಮಾತಿನಲ್ಲಿ ಮುಗಿಸಿದ್ದೇನೆ ಎಂದರು. ರಾಣಿಯ ಪಾತ್ರಕ್ಕೆ ಕ್ಯಾಷಿಯರು ಮೀಸೆ ಬೋಳಿಸಿಕೊಂಡು ನಿಂತಿದ್ದಾರೆ, ಅವರನ್ನು ನೋಡಿ ಯಾರಿಗೂ ಕೆಟ್ಟ ಯೋಚನೆ ಬರುವ ಸಂಭವವೇ ಇಲ್ಲ ಎಂದೂ ಸಮಾಧಾನ ಹೇಳಿದರು.

"ಮದುವೆ ಇರ್ಲಿ ಸಾರ್. ಅಪ್ಪನ್ನ ಬೇಕಾದ್ರೆ ಎರಡು ಸಲ ಕೊಲ್ಲಲಿ" ಎಂದ ದರ್ಜಿ. "ಆ ಕುರಿ ಕಾಯೋನು ಬರ್ತಾನಂತಲ್ಲ, ಕಾಲು ಬಿಗಿದು ಬಿಸಾಕಿದ್ದ ಕೂಸನ್ನ ಎತ್ಕೊಂಡ್ಹೋಗಿ ಮಕ್ಕಳಿಲ್ಲದೋರ ಮಡಿಲಿಗೆ ಹಾಕ್ದೆ ಅಂತ ಹೇಳೋಕೆ, ಅವನು ಬೇಡ."

ಹೆಡ್‌ಕ್ಲಾರ್ಕರು ಕನ್ನಡಕ ತೆಗೆದರು. ದರ್ಜಿ ನೆಲ ನೋಡಿದ. ಗಂಡಹೆಂಡಿರು ಇಷ್ಟು ವರ್ಷ ಗಂಟಲಲ್ಲೇ ಇಟ್ಟುಕೊಂಡಿದ್ದ ಮಾತು ಪರರ ಮೇಜಿನ ಮೇಲೆ ಬಿದ್ದಾಗಿತ್ತು.

"ಹೇಳ್ಬೇಕು ಅಂತಾನೇ ಇರ್ತೀವಿ ಸಾರ್. ಗೊತ್ತಾದ್ರೆ ಎಲ್ಲಿ ದೂರ ಆಗ್ಬಿಡ್ತಾನೋ ಅಂತ."

ಹೆಡ್‌ಕ್ಲಾರ್ಕರು ಎದ್ದು ಕುರ್ಚಿ ಎಳೆದು ಅವನನ್ನು ಕೂರಿಸಿದರು.

"ನಾನು ಬರೆದಿದ್ರಲ್ಲಿ ಕುರಿ ಕಾಯೋನೇ ಇರ್ಲಿಲ್ಲ ಕಣಯ್ಯಾ. ಅವನ್ನ ಬರೆದು ಸೇರಿಸಿದ್ದು ನಿನ್ನ ಮಗ. ಯಾಕಪ್ಪಾ ಅಂತ ಕೇಳಿದ್ದಕ್ಕೆ, 'ನಂಗೆ ಗೊತ್ತು ಅಂತ ಅಪ್ಪಂಗೆ ಹೆಂಗೆ ಹೇಳ್ಲಿ ಸಾರ್, ಹೆದರ್ಕೊಂಡ್ಬಿಡ್ತಾನೆ' ಅಂದ."