ಕದವಿಕ್ಕಿ ಕಲಿಸಿದ ಪಟ್ಟು

ಗರಡಿಯ ಕದವಿಕ್ಕಿ, ನಿಂಬುಜಾ ದೇವಿಯ ಸನ್ನಿಧಿಯಲ್ಲಿ, ಉಸ್ತಾದರು ಆ ಪಟ್ಟನ್ನು ಶಿಷ್ಯನೊಬ್ಬನಿಗೇ ಧಾರೆಯೆರೆಯುತ್ತಿದ್ದರು. ಕೊರಳಿಗೆ ಕೊರಳು ಹೆಣೆದು, ಕೆನ್ನೆಗೆ ಕೆನ್ನೆ ಒತ್ತಿ ಹಾಕುವ ಪಟ್ಟು ಅದು. ಗುರುವಿನ ಕುರುಚಲು ಗಡ್ಡ ತರಚಿದರೂ ಶಿಷ್ಯನಿಗದು ಆಶೀರ್ವಾದವೇ; ಹರ ಮುನಿದರೂ ಗುರು ಕಾಯುವನೆಂದು ನಂಬಿದವನು.

"ಕುಸ್ತಿ ಮುಗಿಯುವವರೆಗೆ ಬೇರಾರ ಮೈಯೂ ನಿನಗೆ ಸೋಕಕೂಡದು, ಮಗನೇ. ವಿದ್ಯೆ ಸೋರಿಹೋದೀತು" ಎಂದು ಉಸ್ತಾದರು ದೇವಿಯ ಮೇಲೆ ಆಣೆ ಇಡಿಸಿದ್ದರು. ಅವನು ಹೆಂಡತಿಯನ್ನೂ ತವರಿಗೆ ಕಳುಹಿಸಿದ್ದ.

ಹೀಗಿರಲು ಜ್ವರ ಬಂದು, ಅವನ ಬಲಗೆನ್ನೆಯಲ್ಲಿ ನೀರುಗುಳ್ಳೆಗಳೆದ್ದವು.

"ದೇವಿಯ ಮುನಿಸೇ, ಡಾಕ್ಟರೇ?"

"ಹರ್ಪಿಸ್ ಎಂಬ ವೈರಸ್ಸು, ಪೈಲ್ವಾನರೇ. ಚರ್ಮಕ್ಕೆ ಚರ್ಮ ಉಜ್ಜಿದರೆ ದಾಟುತ್ತದೆ. ಮಾತ್ರೆಗೆ ಗುಳ್ಳೆ ಒಣಗಿದರೂ ಅದು ನರದ ಬುಡದಲ್ಲಿ ಜೀವಮಾನವಿಡೀ ಅಡಗಿರುತ್ತದೆ. ಯಾರೊಡನೆ ಸೆಣಸಿದಿರಿ?"

"ನಮ್ಮ ಉಸ್ತಾದರೊಡನೆ ಮಾತ್ರ."

"ಹಾಗಾದರೆ ಅವರಿಂದಲೇ ಬಂದಿದೆ. ಅವರಿಗೆ ಯಾರು ಕೊಟ್ಟರೋ!"

"ಅವರೂ ನನ್ನ ಹೊರತು ಯಾರನ್ನೂ ಮುಟ್ಟುವುದಿಲ್ಲ" ಎಂದ ಶಿಷ್ಯ, ಗುರುಪ್ರಸಾದವೆಂಬಂತೆ ಕೆನ್ನೆ ಸವರಿಕೊಂಡು ನಕ್ಕ.

ಹಕ್ಕಳೆ ಉದುರಿ ಕಲೆಯಷ್ಟೇ ಉಳಿದಿದ್ದಾಗ ಯಾರಿಗೆ ಯಾರು ಎದುರಾಳಿಯೆಂದು ಗೊತ್ತುಮಾಡಿ ಜೋಡಿ ಕಟ್ಟುವ ದಿನ ಬಂತು. ನೆರೆದ ಜನರ ನಡುವೆ ಎದುರಾಳಿ ಗರಡಿಯ ಪೈಲ್ವಾನ ಮುಂದೆ ಬಂದು ಕೈ ಹಿಡಿದ. ಅವನ ಬಲಗೆನ್ನೆಯಲ್ಲೂ ಅಂಥದೇ ಕಲೆ. ಅವನು ಶಿಷ್ಯನ ಮುಖವನ್ನು ದಿಟ್ಟಿಸಿ, ಕಿವಿಯ ಬಳಿ ಬಾಗಿ, ಮೆಲ್ಲನೆ ಕೇಳಿದ:

"ಏನಣ್ಣಾ, ಉಸ್ತಾದರ ಕುರುಚಲು ಗಡ್ಡ ನಿನಗೂ ತರಚಿತೇನು?"