ಹಿತ್ತಲ ಕೋಣೆಯ ಟೈಲ್ಸ್

ಹೊಸ ಮನೆಯ ಹಾಲ್, ಅಡುಗೆಮನೆ, ದೇವರಮನೆ ಎಲ್ಲಕ್ಕೂ ಟೈಲ್ಸ್ ಆರಿಸಿದ್ದು ಗಂಡನೇ. ಉಳಿದದ್ದು ಹಿತ್ತಲ ಕಡೆಯ ಸಣ್ಣ ಕೋಣೆ ಮಾತ್ರ.

"ಅದನ್ನ ನೀನೇ ಆರಿಸು. ಆಮೇಲೆ ನನ್ನ ಕೇಳಲೇ ಇಲ್ಲ ಅನ್ಬೇಡ," ಎಂದು ಅಂಗಡಿಯವನತ್ತ ನೋಡಿ ನಕ್ಕ.

ಅವಳು ಚಪ್ಪಲಿ ಬಿಟ್ಟು, ನೆಲದ ಮೇಲೆ ಜೋಡಿಸಿಟ್ಟಿದ್ದ ಮಾದರಿಗಳನ್ನು ಅಂಗೈಯಿಂದ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಸೆರಗು ಸರಿಪಡಿಸಿಕೊಂಡು ಒಂದರ ಮೇಲೆ ಮಗ್ಗುಲಾಗಿ ಮಲಗಿಯೇಬಿಟ್ಟಳು. ಗಿರಾಕಿಗಳೆಲ್ಲ ತಿರುಗಿ ನೋಡಿದರು.

ಗಂಡ ನಾಚಿಕೆಯಿಂದ ಹಿಡಿಯಾಗಿ ಪಿಸುಗುಟ್ಟಿದ: "ಏಳೇ, ಮರ್ಯಾದೆ ತೆಗೀಬೇಡ! ಟೈಲ್ಸ್‌ನ ಯಾರಾದ್ರೂ ಮಲಗಿ ನೋಡ್ತಾರಾ?"

"ಇದಾದ್ರೆ ಥಂಡಿ ಕಮ್ಮಿ," ಎಂದಳು ಅವಳು, ಏಳದೆ. "ಹೊಸ ಮನೇಲೂ ಮುಟ್ಟಾದಾಗ ಆ ಕೋಣೇಲೇ, ಬರೀ ನೆಲದ ಮೇಲೆ ಮಲಗ್ಬೇಕು ಅಂದಿದ್ದೀರಲ್ಲ."